ಮೂರು ಸಾಕ್ಷಿಗಳ ಮೆಣಸಿನಕಾಯಿ

ಬ್ಯಾಡಗಿ ಪೇಟೆಯಲ್ಲಿ ನನ್ನ ಕೈಗೆ ಬೆಲೆಯಿದೆ. ಆರನೆಯ ಇಯತ್ತೆಗೇ ಶಾಲೆ ಬಿಟ್ಟವನಿರಬಹುದು. ಆದರೆ ಮೆಣಸಿನಕಾಯಿ ಚೀಲದ ತಳಕ್ಕೆ ಕೈ ಹಾಕಿ ಒಂದು ಹಿಡಿ ಹೊರಗೆ ತೆಗೆದೆನೆಂದರೆ ಇಡೀ ಚೀಲದ ಜಾತಕ ಹೇಳುತ್ತೇನೆ. ಮೇಲೆ ಹರಡಿದ ಕೆಂಪು ಕಾಯಿ ನೋಡಿ ಮೋಸ ಹೋಗುವ ಗಿರಾಕಿ ನಾನಲ್ಲ!

ಹಾವೇರಿಯ ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಸವಿತಾ ಒಂದು ದಿನ ಮುಖ ಸಣ್ಣದು ಮಾಡಿಕೊಂಡು ಬಂದಳು.

"ಅಪ್ಪಾ, ಬ್ಯಾಡಗಿಗೆ ಮೆಣಸಿನಕಾಯಿ ಹೆಂಗ ಬಂತು ಅಂತ ಸೋಮವಾರ ಕ್ಲಾಸಿನ್ಯಾಗ ಹೇಳಬೇಕು. ಇಂಟರ್‌ನೆಟ್ಟಿನ್ಯಾಗ ಹುಡುಕ್ರಿ, ಆದ್ರ ನಂಬುವಂಥಾದ್ದು ತರ್ರಿ ಅಂದಾರ ಮೇಡಂ. ಮಾರ್ಕ್ಸ್ ಎಲ್ಲಾ ಇದರ ಮ್ಯಾಲೇ ಐತಿ. ನಡುವ ಪರೀಕ್ಷಾ ಬ್ಯಾರೆ."

"ನೀ ಓದಕೋತ ಕುಂದ್ರವಾ. ನಾಳಿ ರಾಣೆಬೆನ್ನೂರಿಗೆ ಹೊಂಟೇನಿ, ನಾನೇ ತರ್ತೇನಿ."

ಹೆಂಡತಿ ಗಿರಿಜಾ ಒಳಗಿನಿಂದಲೇ ಅಂದಳು: "ಮೊಬೈಲ್ ಬಂದ್ ಮಾಡಾಕ ಬರೂದಿಲ್ಲ, ಇಂಟರ್‌ನೆಟ್ ತರ್ತಾರಂತ!"

ರಾಣೆಬೆನ್ನೂರಿನ ಸೈಬರ್ ಕೆಫೆಯವನು ಕೀಲಿ ಒತ್ತಿದ ಕೂಡಲೇ ಇತಿಹಾಸ ಬಂದು ನಿಂತಿತು. ಯಾವುದೋ ಕಾಲದಲ್ಲಿ ಒಬ್ಬ ಸೊಸೆಗೆ ತವರಿನಲ್ಲಿ ಉಡಿ ತುಂಬುವಾಗ ಅಕ್ಕಿಯೊಳಗೆ ನಾಲ್ಕು ಮೆಣಸಿನ ಬೀಜ ಸೇರಿದ್ದವಂತೆ. ಅವು ಬ್ಯಾಡಗಿಯ ಗಂಡನ ಮನೆಯ ಹಿತ್ತಿಲಲ್ಲಿ ಮೊಳೆತು, ಊರಿಗೇ ಹೆಸರು ತಂದವಂತೆ!

ನಾನು ಹುಷಾರಿ ಮನುಷ್ಯ. "ಒಬ್ಬನ ಮಾತು ನಂಬಬಾರದು, ಇನ್ನೊಂದು ತಗಿ" ಎಂದೆ. ಎರಡನೆಯದರಲ್ಲೂ ಅದೇ ಸೊಸೆ. ಮೂರನೆಯದರಲ್ಲೂ ಅದೇ ಉಡಿ, ಅವೇ ನಾಲ್ಕು ಬೀಜ! ಮೂರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ನಮ್ಮಲ್ಲಿ ಹೊಲದ ಬದುವೇ ಸರಿಯುತ್ತದೆ. ಮೂರರದೂ ಮೇಲಿನ ಒಂದೊಂದು ಪುಟವನ್ನು ಬಣ್ಣದಲ್ಲೇ ಪ್ರಿಂಟ್ ತೆಗೆಸಿದೆ.

ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಗಿರಿಜಾ ಹುಬ್ಬು ಗಂಟಿಕ್ಕಿದಳು. "ಈ ಕಥಿ ಎಲ್ಲ್ಯೋ ಕೇಳಿದಂಗ ಆಗತೈತಲ್ರಿ?"

"ಖರೇ ಸಂಗತಿ ಅಂದ್ರ ಹಂಗ! ಎಲ್ಲಾರ ಕಿವ್ಯಾಗೂ ಬಿದ್ದಿರತೈತಿ."

ಸೋಮವಾರ ಸಂಜೆ ಸವಿತಾ ಬಂದವಳೇ ನನ್ನನ್ನು ಒಂದು ನಮೂನೆ ನೋಡತೊಡಗಿದಳು.

"ಮೂರೂ ಮಂದಿ ಹೇಳ್ಯಾರ, ಆದ್ರ ಮೊದಲ ಹೇಳಿದಾವ್ರು ಯಾರು ಅಂತ ಮೇಡಂ ಕೇಳಿದ್ರು. ಕಾಲೇಜಿನ ಕಂಪ್ಯೂಟರಿನ್ಯಾಗ ತಗದು ನೋಡಿದ್ವಿ. ಮೂರನೇದಾವ್ರು ಎರಡನೇದಾವ್ರದು ನಕಲು ಮಾಡ್ಯಾರ. ಎರಡನೇದಾವ್ರು ಮೊದಲನೇದಾವ್ರದು. ಮೊದಲನೇದ್ರಾಗ ತಳಕ್ಕ ಒಂದು ಫೋಟೋ ಇತ್ತು."

"ಯಾರ್ದವಾ? ದೊಡ್ಡ ಪಂಡಿತರದೇನು?"

"ನಿಂದು!"

ಆಗ ನೆನಪಾಯಿತು. ಮೂರು ವರ್ಷದ ಹಿಂದೆ, ಪೇಟೆಯ ಗದ್ದಲದಲ್ಲಿ, ಕ್ಯಾಮೆರಾ ಹಿಡಿದ ಒಬ್ಬ ಅಡ್ಡ ನಿಂತು ಇದೇ ಪ್ರಶ್ನೆ ಕೇಳಿದ್ದ. ನನ್ನ ಪೇಟೆಯಲ್ಲಿ ನಿಂತು ನಾನು "ಗೊತ್ತಿಲ್ಲ" ಅನ್ನುವುದೇ? ನಿಂತ ನಿಲುವಿನಲ್ಲೇ ಒಬ್ಬ ಸೊಸೆಯನ್ನು ಹುಟ್ಟಿಸಿ, ಉಡಿ ತುಂಬಿಸಿ ಕಳಿಸಿದ್ದೆ! ಪುಣ್ಯಾತ್ಮ ಫೋಟೋದ ಕೆಳಗೆ "ಪೇಟೆಯ ಹಿರಿಯ ತಜ್ಞರು" ಎಂದು ಬರೆದಿದ್ದನಂತೆ.

"ಹೌದ್ರೀ!" ಗಿರಿಜಾ ತೊಡೆ ತಟ್ಟಿ ನಕ್ಕಳು. "ಅವತ್ತು ಊಟಕ್ಕ ಕುಂತಾಗ ನೀವ ನನಗ ಹೇಳಿ ನಕ್ಕಿದ್ರಿ!"

"ಮಾರ್ಕ್ಸ್ ಹೋತೇನವಾ?" ಸವಿತಾಳ ಕಡೆ ತಿರುಗಿದೆ.

"ಇಲ್ಲಪಾ. ಒಂದು ಸುಳ್ಳು ಹೆಂಗ ಮೂರು ಖರೇ ಆತು, ಅದನ್ನ ಹೇಳು ಅಂದ್ರು ಮೇಡಂ. ಹೇಳಿದೆ. ಕ್ಲಾಸಿಗೇ ಹೆಚ್ಚು ಮಾರ್ಕ್ಸ್ ನನಗ!"

ಎದೆಯುಬ್ಬಿ ಬಂತು. ಗಿರಿಜಾ ಬಿಡಬೇಕಲ್ಲ. "ದಿನಾ ಚೀಲದ ತಳಕ್ಕ ಕೈ ಹಾಕಾವ್ರು, ಅಲ್ಲಿ ಯಾಕ ಮ್ಯಾಲಿಂದು ನೋಡಿ ಬಂದ್ರಿ?"

ಅಲ್ಲೂ ತಳಕ್ಕೆ ಕೈ ಹಾಕಿದ್ದರೂ ಕೈಗೆ ಸಿಗುತ್ತಿದ್ದವನು ನಾನೇ. ಅದೂ ಬೂಸ್ಟು ಹಿಡಿದ ಕಾಯಿ!