ಸೂರ್ಯನ ಒಲೆಗೆ ಚಪ್ಪರ

ನನಗೆ ಬುದ್ಧಿಯಿದೆ ಎಂದು ಸರ್ಕಾರವೇ ಒಪ್ಪಿ ತಿಂಗಳು ತಿಂಗಳು ಸಂಬಳ ಕೊಡುತ್ತಿದೆ. ಒಪ್ಪದವಳು ನನ್ನ ಹೆಂಡತಿ ಗಂಗಲಕ್ಷ್ಮಮ್ಮ ಒಬ್ಬಳೇ.

ಈ ಎಂಬತ್ತಮೂರರ ಬೇಸಿಗೆಯಲ್ಲಿ ಕೊರಟಗೆರೆಯ ನಮ್ಮ ಆಫೀಸಿಗೆ ಒಂದು ಸೋಲಾರ್ ಕುಕ್ಕರ್ ಬಂತು. ಒಳಗೆಲ್ಲ ಕಪ್ಪು ಬಳಿದ ಪೆಟ್ಟಿಗೆ, ಮೇಲೆ ಗಾಜು, ಮುಚ್ಚಳಕ್ಕೆ ಕನ್ನಡಿ. ಸೌದೆ ಬೇಡ, ಸೀಮೆಎಣ್ಣೆ ಬೇಡ, ಬಿಸಿಲೇ ಅಡುಗೆ ಭಟ್ಟ! ಆಫೀಸಿನ ಅಂಗಳದಲ್ಲಿ ಜನರೆದುರು ಅನ್ನ ಬೇಯಿಸಿ ತೋರಿಸಿದರೆ ಪೆಟ್ಟಿಗೆ ನಮ್ಮ ಮನೆಗೇ ಬರುತ್ತದೆ. ಬೇಯದಿದ್ದರೆ, ಅದನ್ನು ನೋಡಲು ಬರುವ ಜಿಲ್ಲೆಯ ಸಾಹೇಬರ ಜೀಪು ಹತ್ತಿ ವಾಪಸ್. ನನಗೆ ಅದು ಬೇಕೇ ಬೇಕಿತ್ತು. ಹಸಿ ಸೌದೆ ಊದಿ ಊದಿ ಹೆಂಡತಿಯ ಕಣ್ಣು ಸದಾ ಕೆಂಪು. ನೋಡಿದರೆ ನನ್ನ ಕರುಳು ಚುರ್ ಎನ್ನುತ್ತಿತ್ತು (ಅವಳೆದುರು ಹೇಳುವ ಧೈರ್ಯ ಮಾತ್ರ ಬಂದಿಲ್ಲ).

ಸಾಹೇಬರು ಬರುವುದೆಂದರೆ ಸಾಮಾನ್ಯವೇ? ಅಂಗಳದ ತುಂಬ ತೆಂಗಿನ ಗರಿಯ ಚಪ್ಪರ ಹಾಕಿಸಿದೆ. ಮಾವಿನ ತೋರಣ, ನಡುವೆ ಮೇಜು, ಅದರ ಮೇಲೆ ಕನಕಾಂಬರದ ಹಾರ ಧರಿಸಿದ ಪೆಟ್ಟಿಗೆ. ಬೆಳಗ್ಗೆಯೇ ಪಾತ್ರೆಗೆ ಅಕ್ಕಿ, ನೀರು ಹಾಕಿ ಒಳಗಿಟ್ಟೆ.

"ಅಲ್ಲಾ ಕಣ್ರೀ, ಈ ಚಪ್ಪರ..." ಎಂದಳು ಅವಳು.

"ಸರ್ಕಾರಿ ಕೆಲ್ಸಕ್ಕೆ ಬಾಯಿ ಹಾಕ್ಬ್ಯಾಡ ಸುಮ್ಕಿರೇ!" ಎಂದೆ.

ಮಧ್ಯಾಹ್ನ ಸಾಹೇಬರು ಬಂದರು. ಸೂರ್ಯನಾರಾಯಣನ ಮಹಿಮೆಯ ಬಗ್ಗೆ ನಾನು ಅಮೋಘ ಭಾಷಣ ಬಿಗಿದು ಮುಚ್ಚಳ ತೆಗೆದೆ. ಅಕ್ಕಿ ನೀರಿನ ತಳದಲ್ಲಿ ತಣ್ಣಗೆ ಮಲಗಿತ್ತು.

"ಸೂರ್ಯಪ್ಪ ಚಪ್ಪರದ ಮ್ಯಾಲೇ ಕುಂತವ್ನೆ ಕಣ್ಲಾ! ಒಳೀಕೆ ಯಾರೂ ಕರೀಲಿಲ್ಲ!" ಎಂದ ಹಿಂದೆ ಕೂತಿದ್ದ ರೈತ ಕದರಪ್ಪ. ಇಡೀ ಅಂಗಳ ಗೊಳ್ಳೆಂದು ನಕ್ಕಿತು. ಸಾಹೇಬರು ಜೀಪಿನ ಕಡೆ ನೋಡಿದರು. ಪೆಟ್ಟಿಗೆ ಹೋಯಿತು, ಅವಳಿಗೆ ಮತ್ತೆ ಹೊಗೆಯೇ ಗತಿ ಎಂದು ನನಗೆ ಅಳುವೇ ಬಂತು.

ಆಗ ಗಂಗಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದಳು.

"ಚಪ್ಪರ ಹಾಕ್ಸಿದ್ದು ನಾನೇ ಸಾ. ಬಿಸ್ಲಾಗೆ ನಿಂತ್ರೆ ಇವ್ರಿಗೆ ತಲೆ ಸುತ್ತುತ್ತೆ. ವಸಿ ತಡೀರಿ, ಉಂಡ್ಕಂಡೇ ಹೋಗೀರಂತೆ."

ಶುದ್ಧ ಸುಳ್ಳು! ನನ್ನ ಮಾನ ಉಳಿಸಿದ ಆ ಸುಳ್ಳಿಗೆ ನಾನು ಇವತ್ತಿಗೂ ಋಣಿ. ಅವಳು ಹಾರ ಕಿತ್ತೆಸೆದು ಪೆಟ್ಟಿಗೆಯನ್ನು ಬಯಲಿಗೆ ಒಯ್ದಳು, ಬಿಸಿಲು ಸರಿದ ಕಡೆಗೆಲ್ಲ ಕನ್ನಡಿ ತಿರುಗಿಸುತ್ತ ಕೂತಳು. ಸಾಹೇಬರು ಹೇಗೋ ಕಾದರು. ಇಳಿಹೊತ್ತಿಗೆ ಅನ್ನ ಹೂವಿನಂತೆ ಅರಳಿತ್ತು. ಸಾಹೇಬರು ಉಂಡವರೇ ಪೆಟ್ಟಿಗೆಯನ್ನು ಅವಳಿಗೇ ಒಪ್ಪಿಸಿ, ಶಿರಾ, ಮಧುಗಿರಿಯ ಆಫೀಸುಗಳಲ್ಲೂ ಈಯಮ್ಮನೇ ತೋರಿಸಲಿ ಎಂದರು. ನನಗೂ ಬಡ್ತಿ ಸಿಕ್ಕಿತು: ಪೆಟ್ಟಿಗೆ ಹೊರುವ ಹುದ್ದೆ.

ಮೊನ್ನೆ ಶಿರಾದಲ್ಲಿ ಅವಳು ಹೆಂಗಸರಿಗೆ ವಿವರಿಸುತ್ತಿದ್ದಳು. ಕಣ್ಣಿನ ಕೆಂಪೆಲ್ಲ ಇಳಿದು ಮುಖ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ನಾನು ಮೈಮರೆತು ಪಕ್ಕದಲ್ಲೇ ನಿಂತುಬಿಟ್ಟಿದ್ದೆ.

"ಏನ್ರೀ, ವಸಿ ಅತ್ಲಾಗೆ ನಿಂತ್ಕಳಿ," ಎಂದಳು ಎಲ್ಲರೆದುರು, "ನಿಮ್ಮ ನೆರಳು ಬಿದ್ದು ಅನ್ನ ಬೇಯ್ತಿಲ್ಲ."