ತಿರುಗಿ ನೋಡಬಾರದ ಲೇಪ

ಔಷಧ ಕೊಡುವವನ ಕಟ್ಟೆಗೆ ನಗು ತಾನಾಗೇ ಬಂದು ಕೂಡುತ್ತದೆ; ನನ್ನ ಕಟ್ಟೆಗಂತೂ ಅದು ಕಾಯಂ ಗಿರಾಕಿ. ಯರಗುಪ್ಪಿಯಲ್ಲಿ ಇಸಬಿನ ಲೇಪ ಅಂದರೆ ನಾನೇ. ಹೊಂಗೆ ಎಣ್ಣೆಯಲ್ಲಿ ಬೇವಿನೆಲೆ ಕಾಸಲು ಕೂತೆನೆಂದರೆ, ಆ ಹಸಿರು ವಾಸನೆ ಎರೆಹೊಲಗಳ ಮೇಲೆ ತೇಲಿಕೊಂಡು ಹೋಗಿ, ಹತ್ತಿ ಬಿಡಿಸುವವರು ನಿಂತಲ್ಲೇ ಕನಸು ಕಾಣುತ್ತಾರೆ. ಗುಡಗೇರಿ ಸ್ಟೇಷನ್ನಿನಲ್ಲಿ ರೈಲು ಎರಡು ನಿಮಿಷ ಹೆಚ್ಚಿಗೆ ನಿಲ್ಲುತ್ತದೆ. ನಂಬದವರು ಡ್ರೈವರನನ್ನೇ ಕೇಳಬಹುದು.

೧. ಸಂತೆಯಲ್ಲಿ ನನ್ನ ಕೀರ್ತಿ

ಅಜ್ಜಿಯ ಕಾಲದಿಂದ ಒಂದು ಕಟ್ಟಳೆಯಿದೆ. ಲೇಪ ಒಯ್ಯುವವರು "ಬರ್ತೀನ್ರಿ" ಅನ್ನಬಾರದು. ಅಂದರೆ ಇಸಬೂ ತಿರುಗಿ ಬರುತ್ತದೆ. ಹೊರಟವರು ಹಿಂದೆ ನೋಡಬಾರದು. ಗುಣವಾದ ಮೇಲಂತೂ ಕೊಟ್ಟವರ ಮುಖವನ್ನೇ ನೋಡಬಾರದು.

ಹೀಗಾಗಿ ಒಂದು ಸಲ ಗುಡಗೇರಿ ಸಂತೆಯಲ್ಲಿ ನನ್ನನ್ನು ಕಂಡ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬ ತಕ್ಕಡಿ ಬಿಟ್ಟು ಚೀಲದ ಹಿಂದೆ ಅಡಗಿದ. ಇನ್ನಿಬ್ಬರು ಗಲ್ಲಿ ಹೊಕ್ಕರು. ನಾನು ಎದೆಯುಬ್ಬಿಸಿ ಹೆಂಡತಿಗೆ ಅಂದೆ, "ನೋಡಿದೇನ ನನ್ನ ಹೆಸರು?"

"ನೋಡಿದ್ನಲ್ಲಾ. ತ್ವಾಳ ಬಂದ್ರೂ ಇಷ್ಟು ಮಂದಿ ಓಡಂಗಿಲ್ಲ."

೨. ಎರಡು ಡಬ್ಬಿ

ಕಳೆದ ವರ್ಷ ಔಷಧ ಕಾಲೇಜಿನಿಂದ ಸಂಶೋಧನೆ ಮಾಡುವ ಹೆಣ್ಣುಮಗಳೊಬ್ಬರು, ನಮ್ಮ ಬಾಯಲ್ಲಿ ಬಾಯಾರು, ಬಂದರು. ವಾಚನ್ನು ಕೈಗೆ ಕಟ್ಟದೆ ಚೀಲದ ಹಿಡಿಕೆಗೆ ಕಟ್ಟಿದ್ದರು. ನೋಡಿದರೆ ಅವರ ಮಣಿಕಟ್ಟಿನಲ್ಲೇ ಕೆಂಪಗೆ ಇಸಬು!

"ಬಾಯಾರ, ಅದಕ್ಕಿಷ್ಟು ಲೇಪಾ..."

"ಪರೀಕ್ಷಾ ಮಾಡಾವರು ಹಚ್ಕೊಳ್ಳಂಗಿಲ್ರಿ ಕಾಕಾ," ಅಂತ ತೋಳು ಎಳೆದುಕೊಂಡರು.

ಪರೀಕ್ಷೆ ಇಷ್ಟೇ: ಅರ್ಧ ಮಂದಿಗೆ ನನ್ನ ಲೇಪದ ಡಬ್ಬಿ, ಅರ್ಧ ಮಂದಿಗೆ ಅದೇ ಬಣ್ಣ ಅದೇ ವಾಸನೆಯ ಬರೀ ಮುಲಾಮು. ಯಾರಿಗೆ ಯಾವುದು ಹೋಯಿತೆಂಬುದು ಕಾಲೇಜಿನ ಬೀಗದೊಳಗೆ. ಬಾಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಡಬ್ಬಿಗಳನ್ನು ಅವರೇ ಕೈಯಾರೆ ಹಂಚಿದರು. ಆರು ವಾರಕ್ಕೆ ಎಲ್ಲರೂ ನನ್ನ ಕಟ್ಟೆಗೆ ಬಂದು ಚರ್ಮ ತೋರಿಸಬೇಕು.

ಹದಿನೈದು ದಿನಕ್ಕೆ ಬಾಯಾರೂ ನಾನೂ ಇಬ್ಬರು ನೆಗೆಣ್ಣಿಯರ ಮನೆಗೆ ಹೋಗಿ ನೋಡಿದರೆ, ಇವಳ ಡಬ್ಬಿಯೇ ಛಲೋ ಇದ್ದೀತೆಂದು ಅವಳಿಗೆ, ಅವಳದೇ ಛಲೋ ಇದ್ದೀತೆಂದು ಇವಳಿಗೆ ಸಂಶಯ ಬಂದು, ಎರಡನ್ನೂ ಒಂದೇ ಬೋಗುಣಿಗೆ ಸುರಿದು, ಕಲಸಿ, ಚಮಚದಿಂದ ಸಮಪಾಲು ಹಂಚಿಕೊಂಡಿದ್ದರು.

"ನಮ್ಮನ್ಯಾಗ ಭೇದಭಾವ ಇಲ್ರೀ," ಅಂದಳು ಹಿರಿಯಾಕಿ.

ಬಾಯಾರು ಎರಡೂ ಹೆಸರು ಹೊಡೆದು ಹಾಕಿ ನಿಟ್ಟುಸಿರುಬಿಟ್ಟರು: "ಇವರಿಬ್ರೂ ಜಗಳಾಡ್ತಿದ್ರ ವಿಜ್ಞಾನ ಉಳೀತಿತ್ತು."

೩. ಬಾರದವರು

ಆರನೆಯ ವಾರ ಬಂತು. ಬಾಯಾರು ಬೆಳಿಗ್ಗೆಯಿಂದ ಕಟ್ಟೆಯ ಮೇಲೆ ಪುಸ್ತಕ ತೆರೆದು ಕೂತರು. ಬಂದವರು ನಾಲ್ಕೇ ಮಂದಿ, ನಾಲ್ವರೂ ಕೆರೆದುಕೊಳ್ಳುತ್ತಲೇ ಬಂದರು.

"ಕಾಕಾ, ಬಂದವರಿಗೆ ಒಬ್ಬರಿಗೂ ಗುಣ ಇಲ್ಲ. ನಾಳೆ ವರದಿ ಕೊಡಬೇಕು. ಈ ಲೇಪಾ ಉಪಯೋಗಿಲ್ಲ ಅಂತ ಬರೀಬೇಕಾಗತೈತಿ."

ಅಜ್ಜಿ ಹೊಗೆಯೊಳಗೆ ಕಣ್ಣು ಕಿರಿದು ಮಾಡಿಕೊಂಡು ಎಲೆ ತಿರುವುತ್ತಿದ್ದದ್ದು ಎದುರಿಗೇ ಬಂದು ನಿಂತಂತಾಯಿತು.

"ಗುಣ ಆದಾವರು ಹೆಂಗ ಬರ್ತಾರ್ರಿ? ಬರಬಾರದು ಅಂತ ನಮ್ಮ ಕಟ್ಟಳೆ ಐತಲ್ಲ!"

"ಮೊದಲ ಹೇಳಬಾರದೇನ್ರಿ?"

"ನೀವು ಕೇಳಲಿಲ್ಲಲ್ರಿ."

ಬಾಯಾರು ತಾವೊಬ್ಬರೇ ಒಂದು ಮನೆಗೆ ಓಡಿದರು. "ಡಬ್ಬಿ ಕೊಟ್ಟಾಕಿ ಬಂದಾಳ, ಒಳಗ ನಡಿ ಬೇ!" ಅನ್ನುತ್ತ ಮನೆಯವರು ಬಾಗಿಲು ಹಾಕಿದರಂತೆ.

ದಾರಿ ತೋರಿಸಿದ್ದು ನನ್ನ ಹೆಂಡತಿ. "ಇವತ್ತ ಗುಡಗೇರಿ ಸಂತಿ. ಎಲ್ಲಾರೂ ಅಲ್ಲೇ ಇರ್ತಾರ. ನಡೀರಿ ಹೋಗೂಣು."

ಸಂತೆಯ ಆ ತುದಿಯಲ್ಲಿ ಗೋಣಿತಟ್ಟಿನ ಪರದೆ ಕಟ್ಟಿ, ಒಂದು ತೂತು ಕೊರೆದು, ಹಿಂದೆ ಬಾಯಾರನ್ನು ಕೂಡಿಸಿದಳು. ಈ ತುದಿಯಿಂದ ನಾನು ಮದುಮಗನಂತೆ ಮೆಲ್ಲಗೆ ನಡೆದು ಬಂದೆ. ನನ್ನನ್ನು ಕಂಡವರೆಲ್ಲ ಆ ಕಡೆಗೇ ಓಡಿದರು. ಅಲ್ಲಿ ನನ್ನಾಕೆ, "ಬರ್ರಿ ಬರ್ರಿ, ಇಲ್ಲಿ ಯಾರ ಮುಖಾನೂ ಕಾಣಂಗಿಲ್ಲ," ಅನ್ನುತ್ತ ಒಬ್ಬೊಬ್ಬರ ಹೆಸರು ಕೂಗಿದಳು. ಇಳಿಬಿಸಿಲಲ್ಲಿ ಗೋಣಿಯೊಳಗಿಂದ ಒಂದು ಮೊಣಕೈ ಮೂಡಿತು, ಮುಳುಗಿತು. ಒಂದು ಪಾದ ಅರಳಿತು. ಬಾಯಾರು ಯಾವುದೋ ತೋಟದೊಳಗೆ ಕೂತಂತೆ ನಗುತ್ತ ಬರೆದುಕೊಂಡರು.

ಉಳ್ಳಾಗಡ್ಡಿ ವ್ಯಾಪಾರಿಯೂ ಮೊಣಕಾಲು ತೂರಿಸಿದ್ದ. ಅವನ ಹೆಸರೇ ಪಟ್ಟಿಯಲ್ಲಿರಲಿಲ್ಲ. "ಇರ್ಲಿ ಬರಕೋರಿ," ಅಂದನಂತೆ, "ಓಡಿದ್ದು ದಂಡ ಆಗಬಾರದು."

೪. ಛತ್ರಿ

ಕಾಲೇಜಿನವರು ಬೀಗ ತೆಗೆದು ತಾಳೆ ನೋಡಿ, "ಇನ್ನೂ ದೊಡ್ಡ ಪರೀಕ್ಷೆ ಬೇಕು" ಅಂತ ವರದಿ ಬರೆದರು. ಸಣ್ಣ ಲೇಪಕ್ಕೆ ದೊಡ್ಡ ಪರೀಕ್ಷೆ ಯಾರು ಕೇಳುತ್ತಾರೆ, ನೀವೇ ಹೇಳಿ! ಅದನ್ನು ತಿಳಿಸಲು ಬಂದ ಬಾಯಾರ ವಾಚು ಕಟ್ಟಿದ ಚೀಲಕ್ಕೆ ಹೆಂಡತಿ ಎಲೆಯಲ್ಲಿ ಕಟ್ಟಿದ ಲೇಪದ ಉಂಡೆ ಹಾಕಿದಳು. "ಪರೀಕ್ಷಾ ಮುಗೀತಲ್ರಿ, ಇನ್ನೇನು?" ಬಾಯಾರು ನಕ್ಕು ಹೊರಟರು. ಅವರ ಛತ್ರಿ ಗೂಟದಲ್ಲೇ ಉಳಿಯಿತು.

ತಿಂಗಳಾದರೂ ಸುದ್ದಿಯಿಲ್ಲ. ಫೋನ್ ಮಾಡಿದೆ. "ಬಾಯಾರ, ಛತ್ರಿ ಇಲ್ಲೇ ಐತಿ. ಯಾವಾಗ ಬರ್ತೀರಿ?"

"ಇರ್ಲಿ ಬಿಡ್ರಿ ಕಾಕಾ. ಹೊಸಾದು ತೊಗೊಂಡೀನಿ."

"ನಾನ ತಂದು ಕೊಡ್ಲೇನು?"

"ಅಯ್ಯಯ್ಯ, ನೀವಂತೂ ಬರಬ್ಯಾಡ್ರಿ!" ಫೋನ್ ಕಟ್ಟಾಯಿತು.

ನಾನು ಬೆಪ್ಪಾಗಿ ನಿಂತೆ. ಒಲೆಯ ಮುಂದೆ ಎಲೆ ತಿರುವುತ್ತಿದ್ದ ಹೆಂಡತಿ ಕತ್ತೆತ್ತದೆ ಅಂದಳು:

"ಬಾಯಾರು ವಾಚು ಕೈಗೆ ಕಟ್ಟ್ಯಾರ ಬಿಡ್ರಿ."