ದೊಡ್ಡಳಿಯನಿಗೆ ಏಳು ಭೇಷ್

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಬೆಕ್ಕು.

ಅಕ್ಕತಂಗಿಯರಿಬ್ಬರೂ ಗಂಡಂದಿರೊಡನೆ ಹೊರಟಿದ್ದ ವಿದೇಶ ಪ್ರವಾಸದ ಕೊನೆಯ ದಿನ. ಹೋಟೆಲಿನ ಬಾಗಿಲಲ್ಲಿ ಚಿಕ್ಕಳಿಯ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಎದುರಿನ ಫುಟ್‌ಪಾತಿನಲ್ಲಿ ಅಜ್ಜಿಯೊಬ್ಬಳು ಮಗುವಿನ ತಳ್ಳುಗಾಡಿಯೊಳಗೆ ಬೆಕ್ಕನ್ನು ಕೂರಿಸಿಕೊಂಡು ಹೋದಳು. ಬೆಕ್ಕಿಗೆ ಸ್ವೆಟರು, ತಲೆಗೆ ಕುಲಾವಿ ಬೇರೆ! ಇವನು ತಲೆಯೆತ್ತುವಷ್ಟರಲ್ಲಿ ದೊಡ್ಡಳಿಯ ಫೋಟೋ ಹೊಡೆದು, ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಊರಲ್ಲಿದ್ದ ಮಾವನವರಿಂದ ‘ಭೇಷ್’ ಗಿಟ್ಟಿಸಿಯೂ ಆಗಿತ್ತು.

ಐದು ದಿನದಲ್ಲಿ ಅದು ಏಳನೆಯ ಭೇಷ್. ಮಾತಾಡುವ ಕಕ್ಕಸಿಗೊಂದು, ಅಂಗಡಿಯವನೇ ಇಲ್ಲದ ಅಂಗಡಿಗೊಂದು, ನಾಯಿಗಳಿಗೆಂದೇ ಇರುವ ಕ್ಷೌರದಂಗಡಿಗೊಂದು... ಎಲ್ಲವೂ ದೊಡ್ಡಳಿಯನ ಪಾಲು. ಚಿಕ್ಕಳಿಯನಿಗೆ ಮದುವೆಯಾಗಿ ಹನ್ನೊಂದು ವರ್ಷವಾದರೂ ಒಂದೂ ದಕ್ಕಿರಲಿಲ್ಲ. ಮಾವನವರು ಅಚ್ಚುಕೂಟದಲ್ಲಿ ಮೂವತ್ತೈದು ವರ್ಷ ಕರಡು ತಿದ್ದಿ ನಿವೃತ್ತರಾದವರು, ತಪ್ಪು ಹುಡುಕಿದ್ದೇ ಜೀವಮಾನದ ಕೆಲಸ. ಅವರ ಬಾಯಿಂದ ಭೇಷ್ ಹೊರಡಿಸುವುದೆಂದರೆ ಕಲ್ಲಿನಲ್ಲಿ ನಾರು ತೆಗೆದ ಹಾಗೆ.

“ಕನ್ನಡಕದಂಗಡಿ ಇಟ್ಟಿರೋರು ನೀವು. ನಿಮ್ಮ ಕಣ್ಣಿಗೆ ಮಾತ್ರ ಏನೂ ಬೀಳಲ್ವಲ್ರೀ!” ಎಂದಳು ಹೆಂಡತಿ.

“ಹಾಗೆಲ್ಲಾ ಅನ್ಬೇಡಮ್ಮಾ. ಪಾಪ, ಅವ್ರು ಲೇಸ್ ಕಟ್ಕೋತಿದ್ರು” ಎಂದ ದೊಡ್ಡಳಿಯ.

ಆ ‘ಪಾಪ’ ಇದೆಯಲ್ಲ, ಅದು ಚಿಕ್ಕಳಿಯನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತು. ಮುಚ್ಚುಮರೆ ಯಾಕೆ, ಹೊಟ್ಟೆಕಿಚ್ಚೇ. ಷಡ್ಡಕ ನಕ್ಕರೆ ಉರಿ, ಕೆಮ್ಮಿದರೆ ಉರಿ, ಸುಮ್ಮನಿದ್ದರೆ ಇನ್ನೂ ಉರಿ.

“ಬಸ್ ಹೊರಡೋದಕ್ಕೆ ಇನ್ನೂ ಒಂದು ಗಂಟೆ ಇದೆ. ನೀವು ಮೂವರೂ ಒಟ್ಟಿಗೆ ಹೋಗಿ. ನಾನೊಬ್ನೇ ಹೋಗ್ತೀನಿ. ಇವತ್ತು ಮಾವನ ಹತ್ರ ಭೇಷ್ ಅನ್ನಿಸ್ಕೊಳ್ದೆ ಬಸ್ ಹತ್ತೋನಲ್ಲ” ಎಂದು ಹೊರಟೇಬಿಟ್ಟ.

ಮೊದಲ ತಿರುವಿನಲ್ಲೇ ಅದೃಷ್ಟ ಖುಲಾಯಿಸಿತು. ರಸ್ತೆಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲ. ಆದರೂ ಕೆಂಪು ದೀಪಕ್ಕೆ ಹೆದರಿ ಮೂವತ್ತು ಜನ ತುಟಿಪಿಟಕ್ಕೆನ್ನದೆ ನಿಂತಿದ್ದಾರೆ! ‘ಆಹಾ, ಇದಕ್ಕಿಂತ ವಿಚಿತ್ರ ಬೇಕೆ?’ ಎಂದು ವಿಡಿಯೋ ಮಾಡಿ ಕಳಿಸಿದ. ಮಾವನವರ ಉತ್ತರ ತಕ್ಷಣ ಬಂತು: “ಜನ ನಿಂತಿದ್ದಾರೆ. ಸರಿ. ಮುಂದೆ?” ಅದರ ಕೆಳಗೆ ಬಾಮೈದ ನಗುವ ಮೂರು ಮುಖ ಹಾಕಿದ್ದ.

ಮೈಗೆಲ್ಲ ಬಣ್ಣ ಬಳಿದುಕೊಂಡು ವಿಗ್ರಹದಂತೆ ನಿಲ್ಲುವವರು ಚೌಕದಲ್ಲಿ ಸಿಗುತ್ತಾರೆಂದು ಗೈಡ್ ಹೇಳಿದ್ದ. ಅಲ್ಲಿಗೆ ಓಡಿದ. ಕೊಡೆ ಹಿಡಿದು ನಿಂತ ಒಬ್ಬ ಕಂಡ. ಅವನು ರೆಪ್ಪೆ ಬಡಿಯುವ ಗಳಿಗೆಯನ್ನೇ ಹಿಡಿಯೋಣವೆಂದು ಮೊಬೈಲೆತ್ತಿ ನಿಂತ. ಐದು ನಿಮಿಷ ಹೋಯಿತು, ಇಪ್ಪತ್ತೂ ಹೋಯಿತು. ಕೈ ಮರಗಟ್ಟಿತು. “ಎಲಾ ಇವನ! ಎಷ್ಟೊತ್ತು ತಡ್ಕೋತೀಯೋ ನೋಡ್ತೀನಿ” ಎಂದು ಪಕ್ಕೆಗೆ ಕಚಗುಳಿ ಇಟ್ಟ. ಊಹೂಂ. ಇನ್ನಷ್ಟು ಜೋರಾಗಿ ಇಟ್ಟಾಗ ಬೆರಳು ಉಳುಕಿತು. ಬೆಂಚಿನ ಮೇಲಿದ್ದ ಮುದುಕನೊಬ್ಬ ಎದ್ದು ಬಂದು, ಇವನ ಕೈಹಿಡಿದು ಕೂರಿಸಿ, ಪೀಠದ ಮೇಲೆ ಕೊರೆದಿದ್ದ ಇಸವಿ ತೋರಿಸಿದ. ಆ ಕಂಚಿನ ಮಹಾಶಯ ನೂರಿಪ್ಪತ್ತು ವರ್ಷದಿಂದ ಅಲ್ಲೇ ನಿಂತಿದ್ದ.

ಅಷ್ಟರಲ್ಲಿ ಹೆಂಡತಿಯ ಫೋನು. “ಎಲ್ಲಿದೀರ್ರೀ? ಇನ್ನು ಕಾಲು ಗಂಟೆ ಅಷ್ಟೆ! ಭಾವ ಆಗ್ಲೇ ಬಸ್ಸಿನ ಕಡೆ ಹೊರಟ್ರು.”

“ಹೊರಡ್ಲಿ, ನಿಮ್ಮ ಭಾವ ಎಲ್ಲದ್ರಲ್ಲೂ ಮುಂದೆ ತಾನೆ!” ಎಂದು ಫೋನಿಟ್ಟು, ಊದಿದ ಬೆರಳು ಬಾಯಲ್ಲಿಟ್ಟುಕೊಂಡು ಹೆಜ್ಜೆ ಹಾಕಿದ. ಜಿಟಿಜಿಟಿ ಮಳೆ ಶುರುವಾಯಿತು. ಸುತ್ತಲಿನವರೆಲ್ಲ ತಲೆ ಮುಚ್ಚುವ ಮಳೆಕೋಟು ಏರಿಸಿಕೊಂಡರು.

ದೊಡ್ಡ ರಸ್ತೆಗೆ ಬಂದರೆ ವಾಹನಗಳೆಲ್ಲ ಸಾಲಾಗಿ ನಿಂತಿವೆ. ನಡುವೆ ಪೊಲೀಸಿನವನು ಕೈ ಅಡ್ಡ ಹಿಡಿದು ಗಂಭೀರವಾಗಿ ನಿಂತಿದ್ದಾನೆ. ಅವನ ಮುಂದೆ ಬಾತುಕೋಳಿಯೊಂದು ಹನ್ನೊಂದು ಮರಿಗಳೊಡನೆ ಮೆರವಣಿಗೆ ಹೊರಟಂತೆ ರಸ್ತೆ ದಾಟುತ್ತಿದೆ! ಚಿಕ್ಕಳಿಯ ತಟಕ್ಕನೆ ಮೊಬೈಲೆತ್ತಿ ವಿಡಿಯೋ ತೆಗೆದ. ಎಲ್ಲ ಮರಿಗಳೂ ಫುಟ್‌ಪಾತ್ ಹತ್ತಿದವು, ಕೊನೆಯದೊಂದು ಮಾತ್ರ ಹತ್ತಲಾರದೆ ಬಿತ್ತು, ಮತ್ತೆ ಬಿತ್ತು. ಮಳೆಕೋಟಿನವನೊಬ್ಬ ಆ ಕಡೆಯಿಂದ ಬಂದು, ಇವನಿಗೆ ಬೆನ್ನು ಮಾಡಿ ಬಗ್ಗಿ, ಅದನ್ನು ಬೊಗಸೆಯಲ್ಲಿ ಎತ್ತಿ ತಾಯಿಯ ಪಕ್ಕ ಬಿಟ್ಟ. ಕಾರಿನವರೆಲ್ಲ ಚಪ್ಪಾಳೆ ತಟ್ಟಿದರು. ಚಿಕ್ಕಳಿಯನ ಕಣ್ಣು ಮರಿಯನ್ನು ಬಿಟ್ಟು ಅಲುಗಲಿಲ್ಲ. ಅಲ್ಲೇ ನಿಂತು ಗುಂಪಿಗೆ ಕಳಿಸಿ, ಏದುಸಿರು ಬಿಡುತ್ತಾ ಬಸ್ಸಿಗೆ ಓಡಿದ.

ಹತ್ತಿ ಕೂತಿದ್ದೇ ತಡ, ಫೋನು ಬಂತು. ಸ್ವತಃ ಮಾವನವರು! ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

“ಭೇಷ್! ಭೇಷ್! ಭೇಷ್!” ಎಂದರು ಮಾವ. “ಮೂರು ಸಲ ನೋಡ್ದೆ. ಕಣ್ಣಲ್ಲಿ ನೀರು ಬಂತು!”

ಚಿಕ್ಕಳಿಯನ ಎದೆ ಹಿಗ್ಗಿ ಅಂಗಿಯ ಗುಂಡಿ ಬಿಗಿಯಿತು. ಓರೆಗಣ್ಣಲ್ಲಿ ಷಡ್ಡಕನನ್ನು ನೋಡಿದ. ಅವನು ಕಿಟಕಿಯ ಬಳಿ ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತಿದ್ದ.

“ಎಲ್ಲಾ ನಿಮ್ಮ ಆಶೀರ್ವಾದ ಮಾವ” ಎಂದ ಚಿಕ್ಕಳಿಯ.

“ನನ್ನದೇನಪ್ಪಾ! ಮಳೇಲಿ, ಗೊತ್ತಿಲ್ಲದ ದೇಶದಲ್ಲಿ, ರಸ್ತೆಗೆ ಇಳಿದು ಆ ಮರಿ ಎತ್ತಿದ್ರಲ್ಲಾ, ಅದಕ್ಕೆ ದೊಡ್ಡ ಮನಸ್ಸು ಬೇಕು. ಕೊನೇಲಿ ತಿರುಗಿದಾಗ ಮುಖ ಎಷ್ಟ್ ಸ್ಪಷ್ಟವಾಗಿದೆ! ದೊಡ್ಡಳಿಯಂದ್ರಿಗೆ ಫೋನ್ ಕೊಡಿ ಸ್ವಲ್ಪ.”

ಬಸ್ಸಿನಲ್ಲಿದ್ದವರೆಲ್ಲ ಹಿಂದಿರುಗಿ ನೋಡಿದರು. ಹೆಂಡತಿ ಫೋನು ಕಸಿದುಕೊಂಡು ಅಕ್ಕನಿಗೆ ತೋರಿಸಿ, “ನೋಡೇ, ಭಾವ!” ಎಂದು ಕಿರುಚಿದಳು.

“ಅಯ್ಯೋ, ಅದರಲ್ಲೇನಿದೆ ಮಾವ” ಎಂದ ದೊಡ್ಡಳಿಯ ನಾಚಿಕೊಂಡು.

“ಸುಮ್ನಿರಿ, ನಿಮಗೆ ಗೊತ್ತಾಗಲ್ಲ. ಅಂದ ಹಾಗೆ, ಚಿಕ್ಕಳಿಯಂದಿರೇ” ಎಂದರು ಮಾವ, ದನಿ ಬದಲಿಸಿ. “ಆ ಮರಿ ಎರಡು ಸಲ ಬಿದ್ದಾಗ ನೀವು ಮೊಬೈಲ್ ಹಿಡ್ಕೊಂಡು ನಿಂತಿದ್ರಾ? ಹೋಗ್ಲಿ ಬಿಡಿ. ಒಂದು ಕೆಲಸ ಮಾಡಿ. ಆ ಮುಖ ಕಾಣೋ ಕಡೆ ವಿಡಿಯೋ ನಿಲ್ಲಿಸಿ, ದೊಡ್ಡದಾಗಿ ಫೋಟೋ ಮಾಡ್ಸಿ, ಒಳ್ಳೇ ಕಟ್ಟು ಹಾಕಿಸ್ಕೊಂಡು ಬನ್ನಿ. ನಡುಮನೇಲಿ ನಿಮ್ಮ ಕೈಯಿಂದಲೇ ಮೊಳೆ ಹೊಡೆಸ್ತೀನಿ.”